ನೇರ ಹೋಗಲೊಲ್ಲದ ಚಕ್ರ: ಗ್ರೇಟ್ ಪ್ಯಾಂಜಾಂಡ್ರಂ ಪ್ರಕರಣ

ಎರಡನೇ ಮಹಾಯುದ್ಧ ನಡೆಯುತ್ತಿದ್ದ 1943ರ ಹೊತ್ತಿಗೆ ಜರ್ಮನ್ನರು ನಾರ್ವೆಯಿಂದ ಸ್ಪೇನ್ ಗಡಿಯವರೆಗೆ ಕಡಲ ದಂಡೆಗೆ ಕಾಂಕ್ರೀಟ್ ಸುರಿಯುತ್ತಾ ಬಂದಿದ್ದರು. ಬಂಕರ್, ಫಿರಂಗಿ ಗೂಡು, ಮುಳ್ಳುತಂತಿ, ನೆಲಬಾಂಬು, ಟ್ಯಾಂಕ್ ತಡೆಯುವ ಗೋಡೆ ಎಲ್ಲವೂ ಇದ್ದ ಈ ಸಾಲಿಗೆ ಅಟ್ಲಾಂಟಿಕ್ ಗೋಡೆ ಅಂತ ಹೆಸರು. ಯುರೋಪಿಗೆ ಮತ್ತೆ ಕಾಲಿಡಬೇಕಾದರೆ ಬ್ರಿಟನ್ ಮತ್ತು ಅದರ ಜೊತೆಗಾರರು ಇದನ್ನು ಎಲ್ಲಾದರೂ ಒಂದು ಕಡೆ ಒಡೆಯಲೇಬೇಕಿತ್ತು.

ಒಡೆಯೋದು ಎಷ್ಟು ಕಷ್ಟ ಅಂತ ಅವರಿಗೆ ಆಗಲೇ ಗೊತ್ತಾಗಿತ್ತು. 1942ರ ಆಗಸ್ಟ್ 19ರಂದು ಫ್ರಾನ್ಸಿನ ಡಿಯೆಪ್ ಬಂದರಿನ ಮೇಲೆ ಸುಮಾರು 6,000 ಸೈನಿಕರು ದಾಳಿ ಮಾಡಿದ್ದರು. ಅವರಲ್ಲಿ ಸುಮಾರು 5,000 ಮಂದಿ ಕೆನಡಾದವರು. ದಂಡೆಯ ಗುಂಡುಕಲ್ಲುಗಳಲ್ಲಿ ಕೆಲವು ಟ್ಯಾಂಕ್‌ಗಳು ಸಿಕ್ಕಿಹಾಕಿಕೊಂಡವು. ಕಡಲಗೋಡೆ ಹತ್ತಿ ದಾಟಿದವಕ್ಕೆ ಊರೊಳಗೆ ಹೋಗುವ ಬೀದಿಗಳಲ್ಲಿ ಕಾಂಕ್ರೀಟ್ ತಡೆ ಎದುರಾಯಿತು. ಆ ತಡೆಗಳನ್ನು ಒಡೆಯಬೇಕಾದ ಎಂಜಿನಿಯರ್ ಸೈನಿಕರು ಸಿಡಿಮದ್ದು ಹೊತ್ತು ಬಯಲಲ್ಲಿ ಓಡಬೇಕಿತ್ತು. ಬಹಳಷ್ಟು ಜನ ಗೋಡೆ ಮುಟ್ಟುವ ಮೊದಲೇ ಗುಂಡಿಗೆ ಬಿದ್ದರು. ಆ ಒಂದೇ ದಿನದ ಕಾರ್ಯಾಚರಣೆಗೆ ಕೆನಡಾದ 900ಕ್ಕೂ ಹೆಚ್ಚು ಮಂದಿ ಬಲಿಯಾದರು.

ಹಾಗಾಗಿ ಮದ್ದನ್ನು ಮನುಷ್ಯ ಹೊರದೆ ಗೋಡೆಯ ತನಕ ತಲುಪಿಸೋದು ಹೇಗೆ ಅನ್ನೋ ಪ್ರಶ್ನೆ ಎದ್ದಿತು. ಈ ಪ್ರಶ್ನೆಯಲ್ಲಿ ಹುಚ್ಚೇನೂ ಇಲ್ಲ. ಇದಕ್ಕೆ ಉತ್ತರವಾಗಿ ಹುಟ್ಟಿದ ರಾಕೆಟ್ ಚಕ್ರ ಪ್ಯಾಂಜಾಂಡ್ರಂನ ಕಥೆಯನ್ನು ಸುಮ್ನೆ ನಗೋದಕ್ಕೆ ಅಂತ ಹೇಳುವವರು ಇದನ್ನು ಬಿಟ್ಟೇ ಹೇಳುತ್ತಾರೆ.

ಯಾರು ಮಾಡಿದರು, ಏನು ಮಾಡಿದರು

ಬ್ರಿಟಿಷ್ ನೌಕಾಪಡೆಯಲ್ಲಿ ಚಿತ್ರವಿಚಿತ್ರ ಆಯುಧಗಳಿಗೇ ಅಂತ ಒಂದು ವಿಭಾಗ ಇತ್ತು. ಡಿಪಾರ್ಟ್‌ಮೆಂಟ್ ಆಫ್ ಮಿಸಲೇನಿಯಸ್ ವೆಪನ್ಸ್ ಡೆವಲಪ್‌ಮೆಂಟ್ ಅಂತ ಉದ್ದನೆಯ ಹೆಸರು. ಅಲ್ಲಿನ ಎಂಜಿನಿಯರಿಂಗ್ ಕೆಲಸದ ಮುಂದಾಳು ನೆವಿಲ್ ಶೂಟ್ ನಾರ್ವೆ. ನೆವಿಲ್ ಶೂಟ್ ಎಂಬ ಕಾದಂಬರಿಕಾರ ಅಂತ ಕೇಳಿದವರು ಇರಬಹುದು, ಅವರೇ ಇವರು. ಮೂಲದಲ್ಲಿ ವಿಮಾನ ಎಂಜಿನಿಯರ್. ಆರ್100 ವಾಯುನೌಕೆಯ ಲೆಕ್ಕಾಚಾರದಲ್ಲಿ ದುಡಿದವರು, ಆಮೇಲೆ ಏರ್‌ಸ್ಪೀಡ್ ಎಂಬ ವಿಮಾನ ಕಂಪನಿ ಕಟ್ಟಿದವರಲ್ಲಿ ಒಬ್ಬರು. ಅಂದರೆ ಲೆಕ್ಕ ಬಾರದವರ ಗುಂಪಲ್ಲ ಇದು. ಹೆಡ್ಜ್‌ಹಾಗ್ ಎಂಬ ಜಲಾಂತರ್ಗಾಮಿ ನಾಶಕ ಆಯುಧವನ್ನು ಸಮುದ್ರಕ್ಕಿಳಿಸಿದ್ದೂ ಇದೇ ವಿಭಾಗ. ಹಡಗಿನ ಮುಂದಕ್ಕೆ ಒಂದೇ ಸಲ 24 ಬಾಂಬುಗಳನ್ನು ವೃತ್ತಾಕಾರದಲ್ಲಿ ಎಸೆಯುತ್ತಿದ್ದ ಅದು ಯುದ್ಧದಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು.

ಇವರ ಮುಂದೆ ಬಂದ ಗುರಿ ಇಷ್ಟು: 10 ಅಡಿ ಎತ್ತರ, 7 ಅಡಿ ದಪ್ಪದ ಕಾಂಕ್ರೀಟ್ ಗೋಡೆಯಲ್ಲಿ ಟ್ಯಾಂಕ್ ನುಗ್ಗುವಷ್ಟು ಬಿರುಕು ಮಾಡಬೇಕು. ಆ ಸಾಧನವನ್ನು ದಂಡೆಗೆ ಸೈನಿಕರನ್ನು ಇಳಿಸುವ ದೋಣಿಯಿಂದಲೇ ಬಿಡುವಂತಿರಬೇಕು. ಶೂಟ್ ಲೆಕ್ಕ ಹಾಕಿದರು. ಒಂದು ಟನ್‌ಗಿಂತ ಜಾಸ್ತಿ ಸಿಡಿಮದ್ದು ಬೇಕು, ಅದೂ ಗೋಡೆಗೆ ತಾಗಿಕೊಂಡೇ ಸಿಡಿಯಬೇಕು.

ಇದಕ್ಕೆ ಬಂದ ಉತ್ತರ ಒಂದು ದೈತ್ಯ ಚಕ್ರ. 10 ಅಡಿ ವ್ಯಾಸದ ಎರಡು ಮರದ ಗಾಲಿಗಳು, ಅವುಗಳಿಗೆ ಒಂದಡಿ ಅಗಲದ ಉಕ್ಕಿನ ಪಟ್ಟಿ. ಎರಡರ ನಡುವೆ ಮದ್ದು ತುಂಬುವ ದೊಡ್ಡ ಪೀಪಾಯಿ. ಗಾಲಿಗಳಿಗೆ ಸುತ್ತಲೂ ಕಾರ್ಡೈಟ್ ಎಂಬ ಮದ್ದಿನಿಂದ ಉರಿಯುವ ರಾಕೆಟ್‌ಗಳು. ರಾಕೆಟ್‌ಗೆ ಬೆಂಕಿ ಕೊಟ್ಟರೆ ಗಾಲಿ ತಿರುಗುತ್ತದೆ, ಗಾಲಿ ತಿರುಗಿದರೆ ಪೀಪಾಯಿ ಮುಂದಕ್ಕೆ ಉರುಳುತ್ತದೆ. ದೀಪಾವಳಿಯ ನೆಲಚಕ್ರವನ್ನು ಎತ್ತಿ ನಿಲ್ಲಿಸಿ, ಮನೆಯಷ್ಟು ಎತ್ತರ ಮಾಡಿ, ಜೋಡಿ ಕಟ್ಟಿದರೆ ಹೆಚ್ಚುಕಡಿಮೆ ಇದೇ. 4,000 ಪೌಂಡ್ ಮದ್ದು, ಅಂದರೆ ಸುಮಾರು 1,800 ಕೆ.ಜಿ. ಹೊತ್ತು ಗಂಟೆಗೆ 60 ಮೈಲಿ ವೇಗದಲ್ಲಿ ದಂಡೆಯ ಮೇಲೆ ಓಡಿ, ಅಡ್ಡ ಬಂದದ್ದನ್ನೆಲ್ಲ ಮುರಿದು ಗೋಡೆಗೆ ಗುದ್ದುತ್ತದೆ ಅನ್ನೋದು ಅಂದಾಜು. ಹೆಸರು ಗ್ರೇಟ್ ಪ್ಯಾಂಜಾಂಡ್ರಂ.

ಮೂಲ ಮಾದರಿಯನ್ನು ಲಂಡನ್ನಿನ ಲೇಟನ್‌ಸ್ಟೋನ್‌ನಲ್ಲಿ ಗುಟ್ಟಾಗಿ ಕಟ್ಟಿದರು. ರಾತ್ರಿ ಹೊತ್ತು ಮುಚ್ಚಿಕೊಂಡು ಡೆವನ್ ಕರಾವಳಿಯ ವೆಸ್ಟ್‌ವರ್ಡ್ ಹೋ ಎಂಬ ಊರಿಗೆ ಸಾಗಿಸಿದರು. ಅಲ್ಲಿಗೆ ಗುಟ್ಟು ಮುಗಿಯಿತು. ಅದು ಜನ ಈಜೋದಕ್ಕೆ, ಗಾಳಿ ಸೇವನೆಗೆ ಬರುವ ಕಡಲತೀರ. ಎಚ್ಚರಿಕೆ ಕೊಟ್ಟರೂ ಪರೀಕ್ಷೆ ನೋಡೋಕೆ ಜನ ಸೇರಿದರು.

ದಂಡೆಯ ಮೇಲೆ ನಡೆದದ್ದು

ಮೊದಲ ಪರೀಕ್ಷೆ 1943ರ ಸೆಪ್ಟೆಂಬರ್ 7ರಂದು. ಮದ್ದಿನ ಜಾಗದಲ್ಲಿ ಅಷ್ಟೇ ತೂಕದ ಮರಳು ತುಂಬಿದ್ದರು. ಇಡೀ ಪ್ರಕರಣದಲ್ಲಿ ತೆಗೆದುಕೊಂಡ ಅತಿ ಒಳ್ಳೆಯ ನಿರ್ಧಾರ ಇದೇ ಅಂತ ನನಗೆ ಅನಿಸುತ್ತದೆ. ರಾಕೆಟ್‌ಗಳೂ ಕೆಲವೇ ಕೆಲವು. ಶೂಟ್ ಸನ್ನೆ ಮಾಡಿದರು, ಚಕ್ರ ದೋಣಿಯಿಂದ ಹಾರಿಕೊಂಡು ಹೊರಬಂತು, ದಂಡೆಯ ಮೇಲೆ ಒಂದಷ್ಟು ದೂರ ಓಡಿತು. ಆಮೇಲೆ ಬಲಗಾಲಿಯ ಕೆಲವು ರಾಕೆಟ್‌ಗಳು ಕೈಕೊಟ್ಟವು. ಚಕ್ರ ದಾರಿ ಬಿಟ್ಟು ಪಕ್ಕಕ್ಕೆ ಹೊರಳಿತು.

ಮೊದಲ ಸಲಕ್ಕೆ ಇದೇನೂ ಕೆಟ್ಟ ಫಲಿತಾಂಶವಲ್ಲ. ಒಂದು ವಿಷಯ ಗೊತ್ತಾಯಿತಲ್ಲ: ಒಂದು ಕಡೆಯ ತಳ್ಳು ಕಡಿಮೆಯಾದರೆ ಇದು ತಿರುಗುತ್ತದೆ, ತಿರುಗಿದರೆ ಮತ್ತೆ ಸರಿದಾರಿಗೆ ಬರೋದಕ್ಕೆ ಇದರಲ್ಲಿ ಏನೂ ಇಲ್ಲ. ಆದರೆ ತಂಡ ಇದಕ್ಕೆ ಕಂಡುಕೊಂಡ ಮದ್ದು ಇನ್ನಷ್ಟು ರಾಕೆಟ್. ಮುಂದಿನ ಪ್ರಯತ್ನಗಳಲ್ಲಿ ರಾಕೆಟ್‌ಗಳ ಸಂಖ್ಯೆ ಏರುತ್ತಾ ಹೋಯಿತು. ದಂಡೆಯ ಕೊನೆ ಮುಟ್ಟುವ ಮೊದಲೇ ಹತೋಟಿ ತಪ್ಪೋದು ಮಾತ್ರ ಪ್ರತಿ ಸಲವೂ ಹಾಗೆಯೇ ನಡೆಯಿತು.

ಆಮೇಲೆ ಮೂರನೇ ಗಾಲಿ ಬಂತು. ಸಮತೋಲಕ್ಕೆ ಅಂತ ಅದನ್ನು ಸೇರಿಸಿ, ಮೂರು ವಾರ ತಿದ್ದಿ ತೀಡಿ, 70ಕ್ಕೂ ಜಾಸ್ತಿ ರಾಕೆಟ್ ಕಟ್ಟಿ ತಂದರು. ಈ ಸಲ ಚಕ್ರ ದಂಡೆಯ ಕಡೆ ನುಗ್ಗಿ ಬಂದು, ಅಲ್ಲೇ ತಿರುವಿಕೊಂಡು ಮತ್ತೆ ಸಮುದ್ರದ ಕಡೆ ಹೊರಟಿತು. ಕಳಚಿಕೊಂಡ ಕೆಲವು ರಾಕೆಟ್‌ಗಳು ನೋಡುತ್ತಾ ನಿಂತವರ ತಲೆಯ ಮೇಲೆ ಹಾರಿದವು. ಇನ್ನು ಕೆಲವು ನೀರಿನಡಿ ಸಿಡಿದವು.

ಮೂರನೇ ಗಾಲಿ ಕಿತ್ತುಹಾಕಿದರು. ಉಳಿದ ಎರಡು ಗಾಲಿಗಳಿಗೆ ದಪ್ಪ ಉಕ್ಕಿನ ಹಗ್ಗ ಕಟ್ಟಿದರು. ಹಿಂದೆ ನಿಂತವರು ಹಗ್ಗ ಬಿಗಿಹಿಡಿದು, ಸಡಿಲ ಬಿಟ್ಟು ದಾರಿ ತಿದ್ದಬೇಕು ಅನ್ನೋದು ಯೋಚನೆ. ಹತೋಟಿಯ ಬಗ್ಗೆ ತಂಡ ನೇರವಾಗಿ ಕೈಹಾಕಿದ್ದು ಇದೊಂದೇ ಸಲ ಅಂತ ಹೇಳಬಹುದು. ಚಕ್ರದ ಎಳೆತಕ್ಕೆ ಹಗ್ಗಗಳು ಪಟಪಟನೆ ತುಂಡಾಗಿ ದಂಡೆಯ ಕಡೆಗೇ ಚಾಟಿಯಂತೆ ಬೀಸಿ ಬಂದವು.

ಇಷ್ಟಾದ ಮೇಲೆ ಮೇಲಿನಿಂದ ಒಂದು ಸೂಚನೆ ಬಂತು. ಪೂರ್ತಿ ನೇರ ಹೋಗಬೇಕಾಗಿಲ್ಲ, ಶತ್ರುವಿನ ದಿಕ್ಕಿಗೆ ಹೋದರೆ ಸಾಕು. ತಂಡಕ್ಕೆ ಉಸಿರು ಬಂತು. ಅಷ್ಟಾದರೆ ಆಗಬಹುದು ಅಂತ ಕೊನೆಯ ಪರೀಕ್ಷೆಗೆ ದಿನ ಗೊತ್ತುಮಾಡಿದರು.

1944ರ ಜನವರಿ. ನೌಕಾಪಡೆ, ಭೂಸೇನೆಯ ದೊಡ್ಡ ಅಧಿಕಾರಿಗಳು, ವಿಜ್ಞಾನಿಗಳು ಬಂದಿದ್ದರು. ವೆಸ್ಟ್‌ವರ್ಡ್ ಹೋ ದಂಡೆಯ ಹಿಂದೆ ಉರುಟು ಕಲ್ಲುಗಳ ಉದ್ದನೆಯ ದಿಬ್ಬ ಇದೆ. ಅಧಿಕಾರಿಗಳು ದುರ್ಬೀನು ಹಿಡಿದು ಅದರ ಮೇಲೆ ನಿಂತರು. ಕೆಳಗೆ ದಂಡೆಯಲ್ಲಿ ಲೂಯಿ ಕ್ಲೆಮಾಂಟಾಸ್ಕಿ ಕ್ಯಾಮೆರಾ ಹಿಡಿದಿದ್ದರು. ಕಾರ್ ರೇಸಿನ ಫೋಟೋಗಳಿಗೆ ಹೆಸರಾದವರು, ವೇಗವಾಗಿ ಬರುವ ಗಾಲಿಗಳ ಮುಂದೆ ನಿಂತು ಅಭ್ಯಾಸ ಇದ್ದವರು.

ಶುರು ಚೆನ್ನಾಗಿಯೇ ಆಯಿತು. ಚಕ್ರ ನೀರಿಗಿಳಿದು ದಂಡೆಯ ಕಡೆ ಉರುಳಿತು. ಆಗ ರಾಕೆಟ್‌ನ್ನು ಗಾಲಿಗೆ ಹಿಡಿದಿಟ್ಟಿದ್ದ ಒಂದು ಕ್ಲ್ಯಾಂಪ್ ಬಿಟ್ಟುಕೊಂಡಿತು. ಒಂದು ರಾಕೆಟ್ ಹೋಯಿತು, ಹಿಂದೆಯೇ ಇನ್ನೆರಡು. ಚಕ್ರ ಓಲಾಡತೊಡಗಿತು. ಮರಳಿನಲ್ಲಿದ್ದ ಸಣ್ಣ ಗುಂಡಿಗಳ ಸಾಲಿಗೆ ಬಡಿದು ಬಲಕ್ಕೆ, ಸೀದಾ ಕ್ಲೆಮಾಂಟಾಸ್ಕಿಯ ಕಡೆಗೆ ತಿರುಗಿತು. ಅವರ ಕಣ್ಣು ಟೆಲಿಫೋಟೋ ಲೆನ್ಸ್‌ನಲ್ಲಿ. ಅದರೊಳಗೆ ದೂರದ ಅಂದಾಜು ಸಿಗೋದಿಲ್ಲ, ಹಾಗಾಗಿ ಚಿತ್ರ ತೆಗೆಯುತ್ತಲೇ ಇದ್ದರು. ಸದ್ದು ಜೋರಾದಾಗ ತಲೆ ಎತ್ತಿ ನೋಡಿದರೆ ಎದುರಿಗೇ ಬೆಂಕಿ ಕಾರುತ್ತಾ ಬರುತ್ತಿದೆ. ಕ್ಯಾಮೆರಾ ಬಿಟ್ಟು ಓಡಿದರು. ಅತ್ತ ದಿಬ್ಬದ ಮೇಲಿದ್ದ ಅಡ್ಮಿರಲ್, ಜನರಲ್‌ಗಳು ಹಿಂದಕ್ಕೆ ಜಿಗಿದರು. ಹಿಂದೆ ಇದ್ದದ್ದು ಮುಳ್ಳುತಂತಿಯ ಸುರುಳಿ.

ಚಕ್ರ ಮತ್ತೆ ಸಮುದ್ರದ ಕಡೆ ಹೊರಳಿ, ಮರಳಿಗೆ ಅಪ್ಪಳಿಸಿ, ಸಿಡಿಯುತ್ತಾ ಚೂರುಚೂರಾಯಿತು. ರಾಕೆಟ್‌ಗಳು ಸಿಕ್ಕ ಸಿಕ್ಕ ಕಡೆ ಹರಿದಾಡಿದವು. ಒಂದು ರಾಕೆಟ್‌ನ ಹಿಂದೆ ಅಮೋನಿಯಾ ಎಂಬ ಹೆಸರಿನ ಏರ್‌ಡೇಲ್ ನಾಯಿ ಅಟ್ಟಿಸಿಕೊಂಡು ಓಡಿತ್ತಂತೆ. ಯೋಜನೆಯನ್ನು ಹೆಚ್ಚುಕಡಿಮೆ ಅಲ್ಲಿಗೇ ಕೈಬಿಟ್ಟರು.

ಯಾಕೆ ಹೀಗಾಯಿತು

ಎರಡು ಸಣ್ಣ ಲೆಕ್ಕ ಮಾಡಿ ನೋಡೋಣ. ಹೈಸ್ಕೂಲು ಗಣಿತ ಸಾಕು.

ಮೊದಲನೆಯದು ಕ್ಲ್ಯಾಂಪ್‌ನದ್ದು. ಗಂಟೆಗೆ 60 ಮೈಲಿ ಅಂದರೆ ಸೆಕೆಂಡಿಗೆ ಸುಮಾರು 27 ಮೀಟರ್. ಜಾರದೆ ಉರುಳುವ ಗಾಲಿಯ ಅಂಚು ಅಚ್ಚಿನ ಸುತ್ತ ಇಷ್ಟೇ ವೇಗದಲ್ಲಿ ತಿರುಗುತ್ತದೆ. 5 ಅಡಿ ತ್ರಿಜ್ಯಕ್ಕೆ ಲೆಕ್ಕ ಹಾಕಿದರೆ ಅಂಚಿನಲ್ಲಿ ಕಟ್ಟಿದ ವಸ್ತು ಹೊರಕ್ಕೆ ಎಳೆಯುವ ಬಲ ಅದರ ತೂಕದ ಸುಮಾರು 48 ಪಟ್ಟು. 10 ಕೆ.ಜಿ.ಯ ರಾಕೆಟ್ ಅಂತ ಇಟ್ಟುಕೊಳ್ಳಿ, ಅದನ್ನು ಹಿಡಿದ ಕ್ಲ್ಯಾಂಪ್ ಹೆಚ್ಚುಕಡಿಮೆ ಅರ್ಧ ಟನ್ ಎಳೆತ ತಡೆಯಬೇಕು. ಅದೂ ಗುಂಡಿಗಳಿಗೆ ಬಡಿಯುತ್ತಾ, ಪಕ್ಕದ ರಾಕೆಟ್‌ನ ಬೆಂಕಿಯ ಝಳದಲ್ಲಿ. ವೇಗ ಅರ್ಧ ಆದರೆ ಎಳೆತ ಕಾಲು ಭಾಗಕ್ಕೆ, ಅಂದರೆ 12 ಪಟ್ಟಿಗೆ ಇಳಿಯುತ್ತದೆ. ನಿಧಾನಕ್ಕೆ ಹೋದರೆ ರಾಕೆಟ್ ಜಾಗದಲ್ಲೇ ಕೂರುತ್ತದೆ, ಆದರೆ ನಿಧಾನಕ್ಕೆ ಹೋಗೋದಾದರೆ ಶತ್ರುವಿನ ಗುಂಡಿನ ಮುಂದೆ ಈ ಆಯುಧದಿಂದ ಏನು ಪ್ರಯೋಜನ?

2009ರಲ್ಲಿ, ಫ್ರಾನ್ಸಿನ ದಂಡೆಗೆ ಇಳಿದ 1944ರ ನಾರ್ಮಂಡಿ ದಾಳಿಯ 65ನೇ ವರ್ಷದ ನೆನಪಿಗೆ ಅದೇ ದಂಡೆಯಲ್ಲಿ ಪ್ಯಾಂಜಾಂಡ್ರಂನ ಚಿಕ್ಕ ಮಾದರಿಯೊಂದನ್ನು ಬಿಟ್ಟರು. ಸುಮಾರು 50 ಮೀಟರ್ ಹೋಯಿತು, ಮನುಷ್ಯ ನಡೆಯುವ ವೇಗದಲ್ಲಿ. ದಾರಿ ಮಾತ್ರ ಚೆನ್ನಾಗಿ ನೇರ ಇತ್ತು. ಲೆಕ್ಕ ಹೇಳೋದೂ ಅದನ್ನೇ.

ಎರಡನೆಯದು ರಾಕೆಟ್‌ಗಳ ಸಂಖ್ಯೆಯದ್ದು. ಒಂದು ರಾಕೆಟ್ ಸರಿಯಾಗಿ ಉರಿಯುವ ಸಾಧ್ಯತೆ ನೂರಕ್ಕೆ 98 ಅಂತ ಇಟ್ಟುಕೊಳ್ಳೋಣ. ಈ 98 ನನ್ನ ಊಹೆ, ಬರೀ ಲೆಕ್ಕಕ್ಕೆ. 20 ರಾಕೆಟ್ ಇದ್ದರೆ ಎಲ್ಲವೂ ಸರಿಯಾಗಿ ಉರಿಯುವ ಸಾಧ್ಯತೆ ನೂರಕ್ಕೆ 67. 70 ರಾಕೆಟ್ ಆದರೆ ಅದು 24ಕ್ಕೆ ಇಳಿಯುತ್ತದೆ. ಅಂದರೆ ನಾಲ್ಕು ಸಲದಲ್ಲಿ ಮೂರು ಸಲ ಎಲ್ಲೋ ಒಂದು ರಾಕೆಟ್ ಕೈಕೊಡುತ್ತದೆ. 70ರಲ್ಲಿ ಒಂದು ಹೋದರೆ ಒಟ್ಟು ತಳ್ಳಿನಲ್ಲಿ ದೊಡ್ಡ ನಷ್ಟ ಇಲ್ಲ, ನಿಜ. ಆದರೆ ಅಷ್ಟೂ ರಾಕೆಟ್ ಸೇರಿ ಚಕ್ರದ ವೇಗ ಏರಿಸಿರುತ್ತವೆ, ವೇಗ ಏರಿದಷ್ಟೂ ಕ್ಲ್ಯಾಂಪ್ ಕಳಚೋದು ಜಾಸ್ತಿ, ಕಳಚಿದ ಪ್ರತಿಯೊಂದು ರಾಕೆಟ್ ತಾನೇ ಒಂದು ಗುರಿಯಿಲ್ಲದ ಆಯುಧ. ಹೆಚ್ಚು ರಾಕೆಟ್ ಅನ್ನೋ ಮದ್ದು ರೋಗವನ್ನೇ ಬೆಳೆಸಿತು.

ಇದರ ಮೇಲೆ ಮರಳು ಬೇರೆ. ಒಂದು ಗಾಲಿ ಗಟ್ಟಿ ಮರಳಿನ ಮೇಲೆ, ಇನ್ನೊಂದು ಮೆತ್ತಗಿನ ಮರಳಿನ ಮೇಲೆ ಬಂತೆಂದರೆ ಮೆತ್ತಗಿನ ಕಡೆ ಹಿಡಿದುಕೊಳ್ಳುತ್ತದೆ, ಚಕ್ರ ಆ ಕಡೆಗೆ ತಿರುಗುತ್ತದೆ. ಮೈಸೂರಿನ ರಾಕೆಟ್‌ಗೆ ಹಿಂದೆ ಉದ್ದನೆಯ ಬಿದಿರು ಕಟ್ಟುತ್ತಿದ್ದರು, ಹಾರುವಾಗ ಅದು ಬಾಲದ ಹಾಗೆ ದಿಕ್ಕು ಹಿಡಿದಿಡುತ್ತಿತ್ತು. ಅಷ್ಟಿದ್ದೂ ಆ ರಾಕೆಟ್‌ಗಳ ಗುರಿ ಅಷ್ಟಕ್ಕಷ್ಟೇ. ಹೈದರ್, ಟಿಪ್ಪು ಅವನ್ನು ಒಂದೊಂದಾಗಿ ನಂಬಲಿಲ್ಲ, ಗುಂಪು ಗುಂಪಾಗಿ ಸೈನ್ಯದ ಮೇಲೆ ಬಿಡುತ್ತಿದ್ದರು. ಹತ್ತು ದಾರಿ ತಪ್ಪಿದರೆ ಹನ್ನೊಂದನೆಯದು ಬೀಳುತ್ತದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ರಾಕೆಟ್‌ಗಳನ್ನು ಇಂಗ್ಲೆಂಡಿಗೆ ಒಯ್ದು, ನೋಡಿ, ತಮ್ಮದೇ ರಾಕೆಟ್ ಮಾಡಿದ ದೇಶಕ್ಕೆ ಈ ವಿಷಯ ಹೊಸದಲ್ಲ. ಪ್ಯಾಂಜಾಂಡ್ರಂನಲ್ಲಿ ದಿಕ್ಕು ಹಿಡಿಯುವ ಬಾಲವೂ ಇಲ್ಲ, ಗುಂಪಾಗಿ ಬಿಡುವ ಅನುಕೂಲವೂ ಇಲ್ಲ. ದೋಣಿಗೆ ಒಂದು, ಒಂದೇ ಅವಕಾಶ.

ಷರತ್ತು ಸಡಿಲಿಸಿದ್ದು

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದು ಶತ್ರುವಿನ ದಿಕ್ಕಿಗೆ ಹೋದರೆ ಸಾಕು ಅನ್ನೋ ಆ ಸೂಚನೆ. ಪರೀಕ್ಷೆಯಲ್ಲಿ ಫೇಲಾದವನಿಗೆ ಪಾಸ್ ಮಾರ್ಕು ಇಳಿಸಿದರು ಅಂತ ಇದನ್ನು ಗೇಲಿ ಮಾಡೋದು ಸುಲಭ. ನನ್ನ ಮಟ್ಟಿಗೆ ಅದು ಪೂರ್ತಿ ಸರಿಯಲ್ಲ. ಕಡಲಗೋಡೆ ಬಹಳ ಉದ್ದ. ಹತ್ತು ಡಿಗ್ರಿ ಆಚೀಚೆ ಹೋದರೂ ಗೋಡೆಯ ಯಾವುದೋ ಒಂದು ಭಾಗಕ್ಕೆ ತಾಗಿಯೇ ತಾಗುತ್ತದೆ. ಬಿರುಕು ಎಲ್ಲಿ ಬಿದ್ದರೂ ಟ್ಯಾಂಕ್ ಅಲ್ಲಿಗೆ ಹೋಗಬಹುದು. ಹಾಗಾಗಿ ಮೊದಲಿದ್ದ ನೇರ ಹೋಗಬೇಕು ಅನ್ನೋ ಷರತ್ತೇ ಅಗತ್ಯಕ್ಕಿಂತ ಬಿಗಿಯಾಗಿತ್ತು. ಸಡಿಲಿಸಿದವರು ಯೋಚಿಸದೆ ಸಡಿಲಿಸಿದರು ಅಂತ ಹೇಳೋಕೆ ಆಗೋದಿಲ್ಲ.

ತಪ್ಪಿದ್ದು ಬೇರೆ ಕಡೆ. ಇದು ಎಲ್ಲಿಗೆ ಹೋಗಬೇಕು ಅನ್ನೋದನ್ನು ಬರೆದರು, ಎಲ್ಲಿಗೆ ಖಂಡಿತ ಹೋಗಕೂಡದು ಅನ್ನೋದನ್ನು ಬರೆಯಲಿಲ್ಲ. ಚಕ್ರ ಹೊರಡೋದು ದೋಣಿಯಿಂದ. ಆಚೀಚೆ ಇನ್ನೂ ದೋಣಿಗಳು, ಹಿಂದೆ ಹಡಗುಗಳು, ಸೊಂಟದ ನೀರಿನಲ್ಲಿ ನಡೆದು ಬರುವ ಸೈನಿಕರು. ಹತ್ತರಲ್ಲಿ ಒಂದು ಸಲ ಗೋಡೆ ತಪ್ಪಿದರೆ ಸೇನಾಧಿಕಾರಿ ಸಹಿಸಿಕೊಳ್ಳಬಹುದು. ಹತ್ತರಲ್ಲಿ ಒಂದು ಸಲ 1,800 ಕೆ.ಜಿ. ಮದ್ದು ತಿರುಗಿ ತನ್ನ ಸೈನಿಕರ ಕಡೆಗೇ ಬರೋದನ್ನು ಯಾರೂ ಸಹಿಸೋದಿಲ್ಲ. ಮೂರು ಗಾಲಿಯ ಪರೀಕ್ಷೆಯಲ್ಲಿ ಚಕ್ರ ಸಮುದ್ರದ ಕಡೆ ತಿರುಗಿದಾಗಲೇ ಈ ಪ್ರಶ್ನೆ ಕಣ್ಣೆದುರು ಬಂದಿತ್ತು. ಒಮ್ಮೆಯೂ ಹಿಂದಕ್ಕೆ ತಿರುಗಬಾರದು ಅನ್ನೋದೇ ಮೊದಲ ಷರತ್ತಾಗಿದ್ದರೆ ಯೋಜನೆ ಶರತ್ಕಾಲದಲ್ಲೇ ಮುಗಿಯುತ್ತಿತ್ತು, ಜನವರಿಯವರೆಗೆ ಎಳೆಯುತ್ತಿರಲಿಲ್ಲ. ಕೊನೆಗೆ ಅದನ್ನು ನಿಲ್ಲಿಸಿದ್ದೂ ಸುರಕ್ಷತೆಯ ಕಾರಣಕ್ಕೇ, ಗೋಡೆ ತಲುಪಲಿಲ್ಲ ಅಂತಲ್ಲ.

ಆ ವಿಭಾಗವನ್ನು ಹಳಿಯೋದಕ್ಕೂ ಒಂದು ಮಿತಿ ಇದೆ. ಮೊದಲ ಪರೀಕ್ಷೆಯಿಂದ ಕೊನೆಯದಕ್ಕೆ ಐದು ತಿಂಗಳೂ ಆಗಿರಲಿಲ್ಲ. ಕೈಬಿಡಬೇಕಾದಾಗ ಕೈಬಿಟ್ಟರು. ವರ್ಷಗಟ್ಟಲೆ, ಕೋಟಿಗಟ್ಟಲೆ ಸುರಿದು ಮರ್ಯಾದೆಗೆ ಅಂಜಿ ಮುಂದುವರಿಸಿದ ಆಯುಧ ಯೋಜನೆಗಳು ಆಮೇಲಿನ ಕಾಲದಲ್ಲಿ ಬೇಕಾದಷ್ಟಿವೆ.

ನಾಟಕವಾಗಿತ್ತೇ?

ಇದೆಲ್ಲ ಜರ್ಮನ್ನರ ಕಣ್ಣಿಗೆ ಮಣ್ಣೆರಚುವ ಆಟ ಅಂತ ಒಂದು ವಾದ ಇದೆ. ಗುಟ್ಟಿನ ಆಯುಧವನ್ನು ಜನ ಓಡಾಡುವ ದಂಡೆಯಲ್ಲಿ ಯಾರಾದರೂ ಪರೀಕ್ಷೆ ಮಾಡುತ್ತಾರಾ? ದಪ್ಪ ಗೋಡೆ ಒಡೆಯುವ ಆಯುಧ ಮಾಡುತ್ತಿದ್ದಾರೆ ಅಂತ ತಿಳಿದರೆ, ದಾಳಿ ಭದ್ರ ಕೋಟೆಯಂತಿದ್ದ ಫ್ರಾನ್ಸಿನ ಕ್ಯಾಲೆ ಪ್ರದೇಶಕ್ಕೇ ಅಂತ ಜರ್ಮನ್ನರು ನಂಬುತ್ತಾರೆ, ಅಲ್ವಾ?

ಕೇಳೋಕೆ ಚೆನ್ನಾಗಿದೆ, ನನಗೆ ನಂಬಿಕೆ ಬರೋದಿಲ್ಲ. ಕ್ಯಾಲೆ ಕಡೆಗೆ ಗಮನ ಸೆಳೆದ ದೊಡ್ಡ ವಂಚನೆಯ ಯೋಜನೆ ಆಪರೇಷನ್ ಫೋರ್ಟಿಟ್ಯೂಡ್ ಕಾರ್ಯರೂಪಕ್ಕೆ ಬಂದದ್ದು 1944ರಲ್ಲಿ. ಚಕ್ರದ ಪರೀಕ್ಷೆ ಅದಕ್ಕೂ ತಿಂಗಳುಗಳ ಮೊದಲೇ ಶುರುವಾಗಿತ್ತು. ಬ್ರಿಟನ್ನಿನಲ್ಲಿದ್ದ ಜರ್ಮನ್ ಗೂಢಚಾರರನ್ನು ಬ್ರಿಟಿಷರು ಆಗಲೇ ತಮ್ಮ ಕೈಗೆ ತೆಗೆದುಕೊಂಡಿದ್ದರು. ಸುಳ್ಳು ಸುದ್ದಿ ಕಳಿಸೋದಕ್ಕೆ ಒಂದು ರೇಡಿಯೋ ಸಂದೇಶ ಸಾಕಿತ್ತು, ನಿಜವಾದ ರಾಕೆಟ್ ಸುಟ್ಟು ಅಡ್ಮಿರಲ್‌ಗಳನ್ನು ಮುಳ್ಳುತಂತಿಗೆ ಹಾರಿಸುವ ಅಗತ್ಯ ಇರಲಿಲ್ಲ. ಮರ್ಯಾದೆ ಉಳಿಸಿಕೊಳ್ಳೋದಕ್ಕೆ ಆಮೇಲೆ ಹುಟ್ಟಿದ ಕಾರಣದಂತೆ ಕಾಣುತ್ತದೆ ಇದು.

ಗೋಡೆ ಒಡೆದದ್ದು ಯಾವುದು

ಡಿಯೆಪ್ ದುರಂತದ ನಂತರ ಕೆನಡಾದ ಒಬ್ಬ ಎಂಜಿನಿಯರ್ ಅಧಿಕಾರಿಗೆ ಬೇರೆ ಯೋಚನೆ ಬಂದಿತ್ತು. ಮದ್ದು ಹೊರುವ ಸೈನಿಕರನ್ನು ಟ್ಯಾಂಕಿನೊಳಗೆ ಕೂರಿಸಿದರೆ ಹೇಗೆ? ಚರ್ಚಿಲ್ ಟ್ಯಾಂಕಿನ ಮಾಮೂಲಿ ಫಿರಂಗಿ ತೆಗೆದು, ಪೆಟಾರ್ಡ್ ಎಂಬ ಮೋಟು ಮಾರ್ಟರ್ ಕೂರಿಸಿದರು. ಸುಮಾರು 18 ಕೆ.ಜಿ. ತೂಕದ ಅದರ ಬಾಂಬನ್ನು ಸೈನಿಕರು ಹಾರುವ ಕಸದ ಡಬ್ಬಿ ಅಂತ ಕರೆಯುತ್ತಿದ್ದರು. ಗುರಿಗೆ 80 ಗಜದಷ್ಟು ಹತ್ತಿರ ಹೋಗಬೇಕು. ಒಮ್ಮೆ ಹೊಡೆದ ಮೇಲೆ ಮತ್ತೆ ತುಂಬೋದಕ್ಕೆ ಒಳಗಿನವನು ಮುಚ್ಚಳ ಸರಿಸಿ ಕೈ ಹೊರಗೆ ಚಾಚಬೇಕು, ಗುಂಡು ಹಾರುತ್ತಿರುವಾಗಲೇ. ಚಂದವೂ ಇಲ್ಲ, ವೇಗವೂ ಇಲ್ಲ. ಆದರೆ ಹೊಂಡ ಬಂದರೆ ಬಳಸಿ ಹೋಗೋದಕ್ಕೆ, ಕೆಟ್ಟರೆ ನಿಲ್ಲಿಸೋದಕ್ಕೆ ಒಳಗೆ ಒಬ್ಬ ಚಾಲಕ ಇದ್ದ.

ಎವಿಆರ್‌ಇ ಎಂಬ ಈ ಟ್ಯಾಂಕುಗಳು ಬ್ರಿಟಿಷ್ ಜನರಲ್ ಪರ್ಸಿ ಹೋಬಾರ್ಟ್ ಅವರ ಟ್ಯಾಂಕ್ ಪಡೆ 79ನೇ ಆರ್ಮರ್ಡ್ ಡಿವಿಜನ್‌ನ ಜೊತೆ 1944ರ ಜೂನ್ 6ರಂದು ನಾರ್ಮಂಡಿಯಲ್ಲಿ ಇಳಿದವು. ಗೋಲ್ಡ್ ಅಂತ ಗುಪ್ತನಾಮ ಇಟ್ಟಿದ್ದ ದಂಡೆಯ ಲೆ ಹಾಮೆಲ್ ಊರಿನಲ್ಲಿ ಹಳೆಯ ಸ್ಯಾನಟೋರಿಯಂ ಕಟ್ಟಡವನ್ನು ಜರ್ಮನ್ನರು ಕೋಟೆ ಮಾಡಿಕೊಂಡು ಗಂಟೆಗಟ್ಟಲೆ ದಾಳಿಯನ್ನು ತಡೆದಿದ್ದರು. ಮಧ್ಯಾಹ್ನದ ನಂತರ ಒಂದು ಎವಿಆರ್‌ಇ ಹತ್ತಿರ ಹೋಗಿ ಪೆಟಾರ್ಡ್ ಬಾಂಬು ಹೊಡೆಯಿತು. ಒಳಗಿದ್ದವರ ಪ್ರತಿರೋಧ ಅಲ್ಲಿಗೆ ಮುರಿಯಿತು.